ಗುಂಡಿ ತೋಡೋ ಮಿಷಿನ್ನು ಕೊಳ್ಳುವ ಮುಂಚೆ ನಾಲ್ಕು ಅಂಕಿ ಓದಿ

(ಗಡಿ ಮಂಡಲಗಳ ಕನ್ನಡ ಕಲಿಕಾ ಕೇಂದ್ರಗಳ ಕಲಿಕೆದಾರರ ಸಭೆಯಲ್ಲಿ ಸಾಕ್ಷರತಾ ಸಂಯೋಜಕಿ ಆಡಿದ ಮಾತು. ಪಾಠ ಮುಗಿದ ಮೇಲೆ ಗುಂಪಿನಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿರಿ.)

ರಾಯದುರ್ಗ, ಗುಮ್ಮಗಟ್ಟ, ಡಿ. ಹಿರೇಹಾಳ್ ಕಡೆಯಿಂದ ಬಂದ ಅಣ್ಣಂದಿರೇ, ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಕಡೆಯಿಂದ ಬಂದ ಅಕ್ಕಂದಿರೇ, ಹಿರಿಯರೇ. 2022ರ ಏಪ್ರಿಲ್ 4ರಂದು ನಮ್ಮ ಜಿಲ್ಲೆ ಎರಡಾಯಿತು. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಜಿಲ್ಲೆ ಬೇರೆಯಾದರೂ ಕಷ್ಟ ಬೇರೆಯಾಗಲಿಲ್ಲ. ಅದೇ ಕೆಂಪು ನೆಲ, ಅದೇ ಕಡಿಮೆ ಮಳೆ. ಒಬ್ಬರು ಶೇಂಗಾ ಅಂತೀರಿ, ಇನ್ನೊಬ್ಬರು ಕಡ್ಲೆಕಾಯಿ ಅಂತೀರಿ, ಅಷ್ಟೇ ವ್ಯತ್ಯಾಸ.

ಇವತ್ತು ನಾನು ಮಾತಾಡೋದು ಚಿಕ್ಕ ಟ್ರಾಕ್ಟರಿಗೆ ಹಾಕೋ ಗುಂಡಿ ತೋಡುವ ಮಿಷಿನ್ನಿನ ವಿಷಯ. ಕೆಲವರು ಡಿಗ್ಗರ್ ಅಂತಾರೆ, ಕೆಲವರು ಆಗರ್ ಅಂತಾರೆ. ನೀವು ಕೇಳಬಹುದು: "ಮೇಡಂ, ನೀವು ಬಿ.ಎ. ಓದಿದೋರು, ಅಕ್ಷರ ಕಲಿಸೋರು. ನಿಮಗ್ಯಾಕೆ ಮಿಷಿನ್ನಿನ ಮಾತು?" ನಾನು ಮೆಕ್ಯಾನಿಕ್ ಅಲ್ಲ, ನಿಜ. ಆದರೆ ಹೋದ ವರ್ಷ ಆದ ಒಂದು ಸಂಗತಿ ನೋಡಿದ ಮೇಲೆ, ಇದು ಅಕ್ಷರದ ವಿಷಯವೇ ಅಂತ ನನಗೆ ಅನ್ನಿಸಿತು.

ನಮ್ಮ ಕೇಂದ್ರಕ್ಕೆ ಬರೋ ಒಬ್ಬ ಅಕ್ಕ ಇದ್ದಾರೆ. ಹೆಸರು ಹೇಳಲ್ಲ. ಅವರ ಮಗ 24 ಎಚ್.ಪಿ.ಯ ಒಂದು ಚಿಕ್ಕ ಟ್ರಾಕ್ಟರು ಓಡಿಸ್ತಾನೆ. ಹೊಲಕ್ಕೆ ಕಾಡುಹಂದಿ ಕಾಟ. ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೀಬೇಕು, ಆಮೇಲೆ ಊರಿನವರಿಗೂ ಬಾಡಿಗೆಗೆ ಗುಂಡಿ ತೋಡಿ ನಾಲ್ಕು ಕಾಸು ನೋಡಬೇಕು ಅಂತ ಆಸೆ. ಅಂಗಡಿಯವನು ಹೈಡ್ರಾಲಿಕ್ ಡಿಗ್ಗರ್ ತೋರಿಸಿದ. "ಎಣ್ಣೆ ಒತ್ತಡದಲ್ಲಿ ತಿರುಗುತ್ತೆ, ಸಿಕ್ಕಿಹಾಕಿಕೊಂಡರೆ ಹಿಂದಕ್ಕೂ ತಿರುಗುತ್ತೆ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಅಕ್ಕ ಕಿವಿಯೋಲೆ ಗಿರವಿ ಇಟ್ಟು ಅಡ್ವಾನ್ಸ್ ಕೊಟ್ಟರು. ಮಿಷಿನ್ನು ಬಂತು. ಟ್ರಾಕ್ಟರಿಗೆ ಕಟ್ಟಿದರು. ಒಂದು ಗೇಣು ಇಳಿಯಿತು, ನಿಂತಿತು. ಮತ್ತೆ ಇಳಿಸಿದರು, ಮತ್ತೆ ನಿಂತಿತು. ಈಗ ಅದು ಬೇವಿನ ಮರದ ಕೆಳಗೆ ಇದೆ. ಕೋಳಿ ಅದರ ಮೇಲೆ ಕೂರುತ್ತೆ.

ಆಮೇಲೆ ಅವರು ಮಿಷಿನ್ನಿನ ಕಾಗದ ನನ್ನ ಹತ್ತಿರ ತಂದರು. ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ನಿಮಿಷಕ್ಕೆ ಕನಿಷ್ಠ 40 ಲೀಟರ್ ಎಣ್ಣೆ ಬೇಕು ಅಂತ. ಟ್ರಾಕ್ಟರಿನ ಪುಸ್ತಕ ತೆಗೆದು ನೋಡಿದೆವು. ಅದರ ಪಂಪು ಕೊಡೋದು 24 ಲೀಟರ್. ಆ ಅಕ್ಕ ಹೇಳಿದ ಮಾತು ನನಗೆ ಇನ್ನೂ ಮರೆತಿಲ್ಲ. "ನಲವತ್ತು ಅಂತ ಓದೋಕೆ ನಂಗೆ ಬರ್ತಿತ್ತು ಕಣಮ್ಮ. ಎಲ್ಲಿ ನೋಡಬೇಕು ಅಂತ ಗೊತ್ತಿರಲಿಲ್ಲ."

ಅದಕ್ಕೇ ಈ ಮಾತು. ಎಲ್ಲಿ ನೋಡಬೇಕು ಅಂತ ಇವತ್ತು ತಿಳಿಯೋಣ.

ಮೊದಲು ನಿಮ್ಮ ಕೆಲಸ ಎಷ್ಟು ಅಂತ ಎಣಿಸಿ

ಮಿಷಿನ್ನು ನೋಡೋಕೆ ಹೋಗುವ ಮುಂಚೆ ಮನೆಯಲ್ಲೇ ಲೆಕ್ಕ ಮಾಡಿ. ಒಂದು ಎಕರೆ ಚೌಕವಾಗಿದ್ದರೆ ಒಂದು ಬದಿ ಸುಮಾರು 209 ಅಡಿ. ನಾಲ್ಕು ಬದಿ ಸೇರಿದರೆ 836 ಅಡಿ. 10 ಅಡಿಗೆ ಒಂದು ಕಂಬ ಅಂದರೆ ಸುಮಾರು 84 ಗುಂಡಿ. ದಾಳಿಂಬೆಯನ್ನು 12 ಅಡಿಗೆ 10 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ 363 ಗುಂಡಿ. ಮಾವನ್ನು 8 ಮೀಟರಿಗೆ ಒಂದರಂತೆ ನೆಟ್ಟರೆ ಎಕರೆಗೆ ಸುಮಾರು 63.

ಕಂಬದ ಗುಂಡಿ ಬೇರೆ, ಗಿಡದ ಗುಂಡಿ ಬೇರೆ. ಕಂಬದ ಗುಂಡಿ ಕಿರಿದಾಗಿರಬೇಕು. ಅಗಲವಾದರೆ ಕಂಬ ಅಲ್ಲಾಡುತ್ತೆ. ಕಲ್ಲುಕಂಬದ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದು ಅಳೆಯಿರಿ. ಅದಕ್ಕಿಂತ ಎರಡು ಮೂರು ಇಂಚು ಹೆಚ್ಚು ಅಗಲದ ಗುಂಡಿ ಸಾಕು. ಸಾಮಾನ್ಯವಾಗಿ 9 ಇಂಚು ಇಲ್ಲವೇ 12 ಇಂಚಿನ ಸುರುಳಿ ಆಗುತ್ತೆ.

ಗಿಡದ ಗುಂಡಿ ಅಗಲವಾಗಿರಬೇಕು. ದಾಳಿಂಬೆಗೆ 2 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳ ಅಂತ ಹೇಳ್ತಾರೆ. ಅಂದರೆ 8 ಘನ ಅಡಿ. ಒಂದು ಘನ ಅಡಿ ಮಣ್ಣು ಒಂದು ಬುಟ್ಟಿ ಅಂದುಕೊಳ್ಳಿ. ಕೈಯಲ್ಲಿ ತೋಡಿದ ಗುಂಡಿಯಿಂದ 8 ಬುಟ್ಟಿ ಮಣ್ಣು ಹೊರಗೆ ಬರುತ್ತೆ. ಅದೇ 2 ಅಡಿ ಆಳಕ್ಕೆ 12 ಇಂಚಿನ ಸುರುಳಿ ಹಾಕಿದರೆ ಬರೋದು ಒಂದೂವರೆ ಬುಟ್ಟಿ. 18 ಇಂಚಿನದರಲ್ಲಿ ಮೂರೂವರೆ. 24 ಇಂಚಿನದರಲ್ಲಿ ಆರು. "ಮಿಷಿನ್ನಿನಲ್ಲಿ ಗುಂಡಿ ಆಯ್ತು" ಅಂದ ತಕ್ಷಣ ಗಿಡಕ್ಕೆ ಬೇಕಾದಷ್ಟು ಜಾಗ ಆಯ್ತು ಅಂತ ತಿಳೀಬೇಡಿ. ಮಾವಿಗೆ ಮೂರು ಅಡಿ ಚೌಕದ ಗುಂಡಿ ಅಂದರೆ 27 ಬುಟ್ಟಿ. ಅದು ಚಿಕ್ಕ ಟ್ರಾಕ್ಟರಿನ ಡಿಗ್ಗರ್ ಒಂದೇ ಏಟಿಗೆ ಮಾಡೋ ಕೆಲಸ ಅಲ್ಲ.

ಎರಡು ಜಾತಿ ಮಿಷಿನ್ನು

ಗುಂಡಿ ತೋಡೋ ಮಿಷಿನ್ನಿನಲ್ಲಿ ಎರಡು ಜಾತಿ. ಒಂದು ಪಿ.ಟಿ.ಓ.ದಿಂದ ತಿರುಗೋದು. ಪಿ.ಟಿ.ಓ. ಅಂದರೆ ಟ್ರಾಕ್ಟರಿನ ಹಿಂದೆ ತಿರುಗೋ ಚಿಕ್ಕ ಕಂಬಿ. ರೋಟವೇಟರ್ ಓಡಿಸೋದೂ ಅದೇ. ಆ ಕಂಬಿಗೆ ಶಾಫ್ಟ್ ಹಾಕಿ, ಗೇರ್ ಪೆಟ್ಟಿಗೆಗೆ ಕೊಟ್ಟರೆ ಸುರುಳಿ ತಿರುಗುತ್ತೆ. ಇನ್ನೊಂದು ಹೈಡ್ರಾಲಿಕ್. ಇದರಲ್ಲಿ ಶಾಫ್ಟ್ ಇಲ್ಲ. ಟ್ರಾಕ್ಟರಿನ ಎಣ್ಣೆ ಪಂಪಿನಿಂದ ಪೈಪಿನಲ್ಲಿ ಎಣ್ಣೆ ಹೋಗಿ ಒಂದು ಮೋಟರನ್ನು ತಿರುಗಿಸುತ್ತೆ. ಆ ಮೋಟರು ಸುರುಳಿಯನ್ನು ತಿರುಗಿಸುತ್ತೆ.

ಹೈಡ್ರಾಲಿಕ್‌ನಲ್ಲಿ ಒಳ್ಳೇದು ಇದೆ. ಸುರುಳಿ ಬೇರಿಗೋ ಕಲ್ಲಿಗೋ ಸಿಕ್ಕಿಹಾಕಿಕೊಂಡರೆ ಒತ್ತಡ ಬಿಡೋ ವಾಲ್ವು ತೆರೆಯುತ್ತೆ, ಮಿಷಿನ್ನು ಮುರಿಯಲ್ಲ. ಎಣ್ಣೆಯ ದಾರಿ ತಿರುಗಿಸಿದರೆ ಸುರುಳಿ ಹಿಂದಕ್ಕೆ ತಿರುಗಿ ಹೊರಗೆ ಬರುತ್ತೆ. ಪಿ.ಟಿ.ಓ. ಡಿಗ್ಗರ್ ಸಾಮಾನ್ಯವಾಗಿ ಹಿಂದಕ್ಕೆ ತಿರುಗಲ್ಲ. ಅದು ಸಿಕ್ಕಿಕೊಂಡರೆ ಒಂದು ಬೋಲ್ಟು ಮುರಿಯುತ್ತೆ. ಮುರಿಯಲಿ ಅಂತಲೇ ಆ ಬೋಲ್ಟು ಹಾಕಿರ್ತಾರೆ. ಬೋಲ್ಟು ಮುರಿದರೆ ಗೇರ್ ಪೆಟ್ಟಿಗೆ ಉಳಿಯುತ್ತೆ. "ಪದೇ ಪದೇ ಮುರೀತೈತೆ" ಅಂತ ಗಟ್ಟಿ ಬೋಲ್ಟು ಹಾಕಬೇಡಿ. ಆಗ ಬೋಲ್ಟು ಉಳಿಯುತ್ತೆ, ಗೇರ್ ಪೆಟ್ಟಿಗೆ ಹೋಗುತ್ತೆ.

ಹಾಗಾದರೆ ಹೈಡ್ರಾಲಿಕ್ಕೇ ಮೇಲಲ್ಲವಾ? ದೊಡ್ಡ ಎಣ್ಣೆ ಪಂಪು ಇರೋ ಗಾಡಿಗೆ ಹೌದು. ಜೆ.ಸಿ.ಬಿ.ಯಂಥ ಗಾಡಿಗೆ ಹೌದು. ಅದು ಸುರುಳಿಯನ್ನು ತಿರುಗಿಸೋದರ ಜೊತೆಗೆ ಮೇಲಿನಿಂದ ಅದುಮುತ್ತೆ ಕೂಡ. ನಮ್ಮ ಚಿಕ್ಕ ಟ್ರಾಕ್ಟರಿಗೆ ಅದು ಹೊಂದುತ್ತಾ ಅನ್ನೋದೇ ಪ್ರಶ್ನೆ. ಅದಕ್ಕೆ ಉತ್ತರ ನಾಲ್ಕು ಅಂಕಿಯಲ್ಲಿ ಇದೆ.

ನಾಲ್ಕು ಅಂಕಿ

ಮೊದಲನೇ ಅಂಕಿ: ಪಿ.ಟಿ.ಓ. ಎಚ್.ಪಿ. ಟ್ರಾಕ್ಟರಿನ ಎಚ್.ಪಿ. ಒಂದು, ಪಿ.ಟಿ.ಓ. ಎಚ್.ಪಿ. ಇನ್ನೊಂದು. 24 ಎಚ್.ಪಿ. ಟ್ರಾಕ್ಟರಾದರೆ ಪಿ.ಟಿ.ಓ.ದಲ್ಲಿ ಸಿಗೋದು ಸುಮಾರು 20. ಪುಸ್ತಕದಲ್ಲಿ ಬೇರೆಯಾಗಿ ಬರೆದಿರುತ್ತೆ.

ಎರಡನೇ ಅಂಕಿ: ಎಣ್ಣೆಯ ಹರಿವು. ನಿಮಿಷಕ್ಕೆ ಎಷ್ಟು ಲೀಟರ್ ಅಂತ. ಕಾಗದದಲ್ಲಿ ಎಲ್.ಪಿ.ಎಂ. ಅಂತ ಇರುತ್ತೆ.

ಮೂರನೇ ಅಂಕಿ: ಎಣ್ಣೆಯ ಒತ್ತಡ. ಬಾರ್ ಅನ್ನೋ ಅಳತೆಯಲ್ಲಿ ಇರುತ್ತೆ.

ಇವೆರಡೂ ನಮಗೆ ಹೊಸದಲ್ಲ. ಬೋರ್‌ವೆಲ್ ಇರೋರಿಗೆ ಚೆನ್ನಾಗಿ ಗೊತ್ತು. ಬೋರಿನಲ್ಲಿ ಎರಡು ಇಂಚು ನೀರು ಬರುತ್ತಾ, ಒಂದು ಇಂಚು ಬರುತ್ತಾ ಅನ್ನೋದು ಹರಿವು. ಡ್ರಿಪ್ಪಿನ ಕೊನೇ ಗಿಡಕ್ಕೆ ಹನಿ ತಲುಪುತ್ತಾ ಅನ್ನೋದು ಒತ್ತಡ. ನೀರು ಇದ್ದು ಒತ್ತಡ ಇಲ್ಲದಿದ್ದರೆ ಕೊನೇ ಗಿಡ ಒಣಗುತ್ತೆ. ಒತ್ತಡ ಇದ್ದು ನೀರೇ ಇಲ್ಲದಿದ್ದರೂ ಒಣಗುತ್ತೆ. ಹೈಡ್ರಾಲಿಕ್ ಮೋಟರಿಗೂ ಎರಡೂ ಬೇಕು. ಹರಿವು ಕಡಿಮೆಯಾದರೆ ಸುರುಳಿ ನಿಧಾನ ಆಗುತ್ತೆ. ಒತ್ತಡ ಕಡಿಮೆಯಾದರೆ ಬಲ ಇಲ್ಲದೆ ನಿಲ್ಲುತ್ತೆ.

ಈಗ ಒಂದು ಲೆಕ್ಕ. ಹರಿವನ್ನು ಒತ್ತಡದಿಂದ ಗುಣಿಸಿ, 450ರಿಂದ ಭಾಗಿಸಿ. ಸುಮಾರು ಎಷ್ಟು ಎಚ್.ಪಿ. ಎಣ್ಣೆಯಲ್ಲಿ ಹೋಗುತ್ತೆ ಅಂತ ಸಿಗುತ್ತೆ. ನಮ್ಮ ಅಕ್ಕನ ಟ್ರಾಕ್ಟರಿನದು ಮಾಡೋಣ. ಹರಿವು 24 ಲೀಟರ್, ಒತ್ತಡ 150 ಬಾರ್. 24 ಗುಣಿಸು 150 ಅಂದರೆ 3600. ಅದನ್ನು 450ರಿಂದ ಭಾಗಿಸಿದರೆ 8. ಮೋಟರಿನಲ್ಲಿ, ಪೈಪಿನಲ್ಲಿ ಸ್ವಲ್ಪ ಸೋರಿ ಅದಕ್ಕಿಂತಲೂ ಕಡಿಮೆಯೇ ಸಿಗುತ್ತೆ.

ನೋಡಿದಿರಾ? ಅದೇ ಟ್ರಾಕ್ಟರಿನ ಪಿ.ಟಿ.ಓ.ದಲ್ಲಿ 20 ಎಚ್.ಪಿ. ಎಣ್ಣೆಯಲ್ಲಿ 8 ಎಚ್.ಪಿ. ಟ್ರಾಕ್ಟರು ಒಂದೇ, ಎಂಜಿನ್ ಒಂದೇ. ದಾರಿ ಬೇರೆ. ಅಂಗಡಿಯವನು ಸುಳ್ಳು ಹೇಳಲಿಲ್ಲ, ಟ್ರಾಕ್ಟರಿನಲ್ಲೂ ತಪ್ಪಿಲ್ಲ. ಎರಡೂ ಒಂದಕ್ಕೊಂದು ಹೊಂದಲಿಲ್ಲ, ಅಷ್ಟೇ.

ನಾಲ್ಕನೇ ಅಂಕಿ: ಎತ್ತೋ ತೂಕ. ಟ್ರಾಕ್ಟರಿನ ಹಿಂದಿನ ಮೂರು ಕೈಗಳು ಎಷ್ಟು ಕಿಲೋ ಎತ್ತುತ್ತವೆ ಅಂತ. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಅನ್ನೋರು ಟ್ರಾಕ್ಟರಿಗೆ ಮೂರು ಕಡೆ ಉಪಕರಣ ಕಟ್ಟೋ ಈ ವಿಧಾನಕ್ಕೆ 1926ರಲ್ಲಿ ಪೇಟೆಂಟ್ ಪಡೆದರು. ಇವತ್ತಿಗೂ ಎಲ್ಲ ಕಡೆ ಅದೇ ನಡೀತಾ ಇದೆ. ಡಿಗ್ಗರಿನ ತೂಕಕ್ಕೆ ಸುರುಳಿಯ ತೂಕ, ಅದಕ್ಕೆ ಮೆತ್ತಿದ ಮಣ್ಣಿನ ತೂಕ ಸೇರಿಸಿ ನೋಡಿ. ಚಿಕ್ಕ ಟ್ರಾಕ್ಟರಿನ ಹಿಂದೆ ತೂಕ ಹೆಚ್ಚಾದರೆ ಮುಂದಿನ ಚಕ್ರ ಹಗುರಾಗುತ್ತೆ, ಸ್ಟೇರಿಂಗ್ ಕೇಳಲ್ಲ. ಮುಂದೆ ತೂಕ ಕಟ್ಟಬೇಕಾಗುತ್ತೆ.

ತೂಕದ ಜೊತೆಗೆ ಎತ್ತರವನ್ನೂ ಅಳೆಯಿರಿ. ಕೈಗಳನ್ನು ಪೂರ್ತಿ ಎತ್ತಿಸಿ. ಸುರುಳಿಯ ಮೊನೆ ನೆಲದಿಂದ ಒಂದು ಗೇಣಾದರೂ ಮೇಲಿರಬೇಕು. ಚಿಕ್ಕ ಟ್ರಾಕ್ಟರು ಅಷ್ಟು ಮೇಲಕ್ಕೆ ಎತ್ತದಿದ್ದರೆ ಮೂರು ಅಡಿ ಸುರುಳಿ ಗುಂಡಿಯಿಂದ ಪೂರ್ತಿ ಹೊರಗೆ ಬರಲ್ಲ. ಕಟ್ಟೋ ಪಿನ್ನೂ ನೋಡಿ. ಚಿಕ್ಕ ಅಳತೆಯ ಪಿನ್ನು 22 ಮಿಲಿಮೀಟರ್, ದೊಡ್ಡದು 28 ಮಿಲಿಮೀಟರ್. ಎರಡೂ ಬೇರೆ ಬೇರೆ.

ಇದರ ಮೇಲೆ ಒಂದು ಪ್ರಶ್ನೆ: ಎಣ್ಣೆ ಪೈಪಿಗೆ ಬಾಯಿ ಎಷ್ಟು? ಟ್ರೇಲರ್ ಎತ್ತೋಕೆ ಇರೋ ಒಂದೇ ಬಾಯಿಯನ್ನು ತೋರಿಸಿ "ಹೈಡ್ರಾಲಿಕ್ ಐತೆ" ಅಂತಾರೆ. ಟ್ರೇಲರಿಗೆ ಅದು ಸಾಕು. ಎಣ್ಣೆ ಒಂದು ಸಲ ಹೋಗುತ್ತೆ, ಟ್ರೇಲರ್ ಇಳಿದಾಗ ಅದೇ ದಾರಿಯಲ್ಲಿ ವಾಪಸ್ ಬರುತ್ತೆ. ಮೋಟರಿಗೆ ಅದು ಸಾಕಾಗಲ್ಲ. ಒಂದು ಕಡೆಯಿಂದ ಎಣ್ಣೆ ಹೋಗ್ತಾನೇ ಇರಬೇಕು, ಇನ್ನೊಂದು ಕಡೆಯಿಂದ ಬರ್ತಾನೇ ಇರಬೇಕು. ಹೋಗೋ ಬಾಯಿ ಒಂದು, ಬರೋ ಬಾಯಿ ಒಂದು ಇಲ್ಲದ ಟ್ರಾಕ್ಟರಿಗೆ ಹೈಡ್ರಾಲಿಕ್ ಡಿಗ್ಗರ್ ಬೇಡವೇ ಬೇಡ.

ಒಟ್ಟಿನಲ್ಲಿ ಹೇಳೋದಾದರೆ, ನಮ್ಮ ಕಡೆಯ 24, 27 ಎಚ್.ಪಿ. ಟ್ರಾಕ್ಟರಿಗೆ ಪಿ.ಟಿ.ಓ. ಡಿಗ್ಗರ್, 9 ಮತ್ತು 12 ಇಂಚಿನ ಸುರುಳಿ ಹೊಂದುತ್ತೆ. 24 ಇಂಚಿನ ಸುರುಳಿ, ಗಟ್ಟಿ ನೆಲ ಅಂದರೆ ದೊಡ್ಡ ಟ್ರಾಕ್ಟರೇ ಬೇಕು. ಹೈಡ್ರಾಲಿಕ್ಕೇ ಬೇಕು ಅನ್ನೋರು ಮಿಷಿನ್ನು ಕೇಳೋ ಲೀಟರು ಟ್ರಾಕ್ಟರು ಕೊಡೋ ಲೀಟರಿಗಿಂತ ಹೆಚ್ಚಿಲ್ಲ ಅಂತ ಅಂಕಿ ನೋಡಿಯೇ ಕೊಳ್ಳಿ.

ನೆಲ ನೋಡಿ

ಮಿಷಿನ್ನು ಎಷ್ಟು ಒಳ್ಳೇದಿದ್ದರೂ ನೆಲ ಒಪ್ಪಬೇಕು. ಮಸಾರೆ ನೆಲದಲ್ಲಿ ಮೇಲಿನ ಒಂದು ಅಡಿ ಬೆಣ್ಣೆಯಂತೆ ಇಳಿಯುತ್ತೆ. ಕೆಳಗೆ ಗರಸು ಸಿಕ್ಕಿದರೆ ಸುರುಳಿ ಮೇಲೇ ಸುತ್ತುತ್ತೆ. ಯಾಕೆ ಅಂದರೆ ಬಹಳ ಟ್ರಾಕ್ಟರುಗಳಲ್ಲಿ ಹಿಂದಿನ ಕೈಗಳು ಎತ್ತುತ್ತವೆ, ಅದುಮಲ್ಲ. ಸುರುಳಿ ಇಳಿಯೋದು ತನ್ನ ತೂಕದಿಂದ, ಮೊನೆಯ ಚೂಪಿನಿಂದ. ಹಾಗಾಗಿ ತುದಿಯ ಹಲ್ಲು ಬದಲಾಯಿಸೋಕೆ ಬರಬೇಕು. ಗರಸು ನೆಲದವರು ಗಟ್ಟಿ ಲೋಹದ ತುದಿ ಇರೋ ಹಲ್ಲು ಕೇಳಿ ತಗೊಳ್ಳಿ. ಬಂಡೆ ಸಿಕ್ಕಿದರೆ ಯಾವ ಡಿಗ್ಗರೂ ಕೊರೆಯಲ್ಲ. ಅಲ್ಲಿ ಹಾರೆಯೇ ಗತಿ.

ಒಣಗಿದ ಗಟ್ಟಿ ನೆಲವಾದರೆ ಹಿಂದಿನ ಸಂಜೆ ಗುರುತು ಹಾಕಿದ ಜಾಗಕ್ಕೆ ಒಂದು ಕೊಡ ನೀರು ಹಾಕಿ. ಬೆಳಗ್ಗೆ ಸಲೀಸು. ಎರೆ ನೆಲದವರು ಇದಕ್ಕೆ ಉಲ್ಟಾ ಮಾಡಿ. ರಾಯದುರ್ಗದ ಕಡೆ, ವೇದಾವತಿ ಹಗರಿ ದಂಡೆಯ ಕಡೆ ಎರೆ ಇರೋರು ನೆಲ ಹಸಿ ಇರುವಾಗ ತೋಡಬೇಡಿ. ಸುರುಳಿ ಗುಂಡಿಯ ಗೋಡೆಯನ್ನು ಮಡಕೆ ಮಾಡಿದಂತೆ ನುಣ್ಣಗೆ ಉಜ್ಜಿಬಿಡುತ್ತೆ. ಗಿಡದ ಬೇರು ಆ ಗೋಡೆ ದಾಟಲ್ಲ. ಒಳಗೇ ಸುತ್ತುತ್ತೆ. ಹಾಗೆ ಆಗಿದ್ದರೆ ಹಾರೆಯಿಂದ ಸುತ್ತ ಗೀರಿ, ಗೋಡೆ ಒರಟು ಮಾಡಿ, ಆಮೇಲೆ ಗಿಡ ನೆಡಿ.

ಚಿಕ್ಕ ಟ್ರಾಕ್ಟರಿನಲ್ಲಿ ಗಿಡದ ಗುಂಡಿ ತೋಡೋರಿಗೆ ಒಂದು ದಾರಿ ಇದೆ. ಎರಡು ಅಡಿ ಚೌಕ ಗುರುತು ಹಾಕಿ, ನಾಲ್ಕು ಮೂಲೆಗೆ 12 ಇಂಚಿನ ನಾಲ್ಕು ಗುಂಡಿ ತೋಡಿ. ನಡುವೆ ಉಳಿದ ಮಣ್ಣನ್ನು ಹಾರೆ ಗುದ್ದಲಿಯಿಂದ ಕೆಡವಿ. ಟ್ರಾಕ್ಟರು ನಾಲ್ಕು ಸಲ ಸರಿಸಬೇಕು, ತಾಳ್ಮೆ ಬೇಕು. ಆದರೂ ಮುಕ್ಕಾಲು ಭಾಗ ಮಣ್ಣು ಮಿಷಿನ್ನೇ ತೆಗೆದುಕೊಡುತ್ತೆ.

ಜೀವಕ್ಕಿಂತ ಗುಂಡಿ ದೊಡ್ಡದಲ್ಲ

ಇದನ್ನು ಎರಡು ಸಲ ಓದಿ. ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತೆ. ಒಂದು ಸೆಕೆಂಡಿಗೆ 9 ಸುತ್ತು. ಸೀರೆ ಸೆರಗು, ಪಂಚೆ, ಟವೆಲ್ಲು, ಜಡೆ ಯಾವುದು ಸಿಕ್ಕರೂ "ಅಯ್ಯೋ" ಅನ್ನೋ ಮುಂಚೆ ಎಳೆದುಕೊಳ್ಳುತ್ತೆ. ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಇಲ್ಲದ ಮಿಷಿನ್ನು ಕೊಳ್ಳಬೇಡಿ, ಬಾಡಿಗೆಗೂ ಕರೆಸಬೇಡಿ.

ಸುರುಳಿ ಇಳೀತಾ ಇಲ್ಲ ಅಂತ ಅದರ ಮೇಲಿನ ಕಬ್ಬಿಣಕ್ಕೆ ಇಬ್ಬರು ಜೋತು ಬೀಳೋದನ್ನು ನಾನೇ ಕಣ್ಣಾರೆ ಕಂಡಿದ್ದೀನಿ. ಹಾಗೆ ಮಾಡಲೇಬೇಡಿ. ಮಿಷಿನ್ನು ತಿರುಗುವಾಗ ಡ್ರೈವರ್ ಸೀಟಿನಲ್ಲಿರಬೇಕು, ಉಳಿದವರು ಹತ್ತು ಹೆಜ್ಜೆ ದೂರ ಇರಬೇಕು. ಸಿಕ್ಕಿಹಾಕಿಕೊಂಡರೆ ಮೊದಲು ಎಂಜಿನ್ ಆಫ್ ಮಾಡಿ, ಕೀ ಕೈಗೆ ತಗೊಳ್ಳಿ. ಆಮೇಲೆ ದೊಡ್ಡ ಪಾನಾದಿಂದ ಸುರುಳಿಯನ್ನು ಹಿಂದಕ್ಕೆ ತಿರುಗಿಸಿ ಬಿಡಿಸಿ.

ಹೈಡ್ರಾಲಿಕ್ ಪೈಪು ಸೋರುತ್ತಿದ್ದರೆ ಕೈಯಿಂದ ಮುಟ್ಟಿ ನೋಡಬೇಡಿ. ಸೂಜಿಯಷ್ಟು ತೂತಿನಿಂದ ಬರೋ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತೆ. ರಟ್ಟು ಹಿಡಿದು ನೋಡಿ. ಹಾಗೆ ಎಣ್ಣೆ ಒಳಗೆ ಹೋಗಿದ್ದರೆ ನೋವು ಇಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.

ತೋಡುವ ಮುಂಚೆ ಡ್ರಿಪ್ಪಿನ ಪೈಪು, ಬೋರಿನ ಕೇಬಲ್ಲು ಎಲ್ಲಿ ಹೂತಿದೆ ಅಂತ ನೆನಪು ಮಾಡಿಕೊಳ್ಳಿ. ತೋಡಿದ ಗುಂಡಿಯನ್ನು ಅವತ್ತೇ ತುಂಬದಿದ್ದರೆ ಮೇಲೆ ಚಪ್ಪಡಿ ಕಲ್ಲೋ ಮುಳ್ಳೋ ಹಾಕಿ. ಮಕ್ಕಳು, ಕುರಿಮರಿ ಓಡಾಡೋ ಜಾಗ.

ಕೂಲಿಯ ಮಾತು

ಒಂದು ಮಾತು ಮನಸ್ಸು ಬಿಚ್ಚಿ ಹೇಳ್ತೀನಿ. ಇಲ್ಲಿ ಕೂತಿರೋ ಅರ್ಧ ಜನ ಗುಂಡಿ ತೋಡಿ ಕೂಲಿ ಮಾಡಿದವರು. ಉದ್ಯೋಗ ಖಾತ್ರಿ ಕೆಲಸ 2006ರ ಫೆಬ್ರವರಿ 2ರಂದು ಶುರುವಾಗಿದ್ದೇ ನಮ್ಮ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. ಆ ಕಾಯಿದೆಯಲ್ಲಿ, ಆದಷ್ಟು ಮಟ್ಟಿಗೆ ಕೆಲಸ ಜನರ ಕೈಯಿಂದಲೇ ಆಗಬೇಕು, ಮಿಷಿನ್ನಿನಿಂದ ಅಲ್ಲ ಅಂತ ಬರೆದಿತ್ತು. ಮಿಷಿನ್ನಿನಲ್ಲಿ ಗುಂಡಿ ತೋಡಿಸಿ, ಮಸ್ಟರಿನಲ್ಲಿ ಕೂಲಿಯವರ ಹೆಸರು ಬರೆಯೋದು ಮೋಸ. ನಿಮ್ಮ ಹೆಸರಿನ ಮುಂದೆ ಏನು ಬರೆದಿದ್ದಾರೆ ಅಂತ ಓದಿ. ಸ್ವಂತ ಹೊಲಕ್ಕೆ ಸ್ವಂತ ಖರ್ಚಿನಲ್ಲಿ ಮಿಷಿನ್ನು ಹಾಕೋದು ಬೇರೆ ಮಾತು. ಅದರಲ್ಲೂ ಮಣ್ಣು ಸರಿಸೋಕೆ, ಗೊಬ್ಬರ ತುಂಬೋಕೆ, ಕಂಬ ನಿಲ್ಲಿಸೋಕೆ ಕೈ ಬೇಕೇ ಬೇಕು.

ಕೊಳ್ಳೋದಾ, ಬಾಡಿಗೆಗೆ ತರೋದಾ?

84 ಗುಂಡಿಗೋಸ್ಕರ ಮಿಷಿನ್ನು ಕೊಳ್ಳೋದು ಒಂದು ಮದುವೆಗೆ ಛತ್ರ ಕಟ್ಟಿಸಿದ ಹಾಗೆ. ಬಾಡಿಗೆಗೆ ತನ್ನಿ. ಡ್ವಾಕ್ರಾ ಸಂಘದವರು ಹತ್ತು ಮನೆಯ ಗುಂಡಿ ಒಟ್ಟಿಗೆ ಲೆಕ್ಕ ಹಾಕಿ. ಸಾವಿರ ದಾಟಿದರೆ ಆಗ ಕೊಳ್ಳುವ ಯೋಚನೆ ಮಾಡಿ. ಕೃಷಿ ಯಂತ್ರಗಳಿಗೆ ಕೇಂದ್ರ ಸರ್ಕಾರದ ಸಹಾಯಧನ ಯೋಜನೆ 2014-15ರಲ್ಲಿ ಶುರುವಾಯಿತು. ಯಾವ ಯಂತ್ರಕ್ಕೆ ಎಷ್ಟು ಅನ್ನೋ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತೆ. ಊರಿನ ರೈತು ಸೇವಾ ಕೇಂದ್ರದಲ್ಲಿ ಆ ಪಟ್ಟಿಯನ್ನು ಕೇಳಿ, ನೀವೇ ಓದಿ. ಮಧ್ಯದವರ ಬಾಯಿಮಾತು ನಂಬಬೇಡಿ.

ಕೊಳ್ಳೋದೇ ಆದರೆ ಮೂರು ಷರತ್ತು ಹಾಕಿ. ಒಂದು, ನನ್ನ ಟ್ರಾಕ್ಟರಿಗೆ ಕಟ್ಟಿ, ನನ್ನ ಹೊಲದಲ್ಲಿ ಐದು ಗುಂಡಿ ತೋಡಿ ತೋರಿಸಬೇಕು. ಅಂಗಡಿ ಮುಂದಿನ ಮರಳಿನಲ್ಲಿ ಅಲ್ಲ. ಎರಡು, ಟ್ರಾಕ್ಟರಿನ ನಾಲ್ಕು ಅಂಕಿ, ಮಿಷಿನ್ನು ಕೇಳೋ ಅಂಕಿ ಎರಡನ್ನೂ ಬಿಲ್ಲಿನಲ್ಲೇ ಬರೆಯಬೇಕು. ಮೂರು, ಹೊಂದದಿದ್ದರೆ ಅಡ್ವಾನ್ಸ್ ವಾಪಸ್ ಅಂತ ಬರೆದು ಸಹಿ ಹಾಕಬೇಕು. ಅವರು ಬರೆಯೋಕೆ ಒಪ್ಪದಿದ್ದರೆ ನೀವು ದುಡ್ಡು ಕೊಡೋಕೆ ಒಪ್ಪಬೇಡಿ.

ಆ ಅಕ್ಕನ ಮಾತಿನಿಂದಲೇ ಮುಗಿಸ್ತೀನಿ. ಈಗ ಅವರ ನೋಟುಬುಕ್ಕಿನ ಮೊದಲನೇ ಪುಟದಲ್ಲಿ ಮಗನ ಟ್ರಾಕ್ಟರಿನ ನಾಲ್ಕು ಅಂಕಿ ಬರೆದಿದ್ದಾರೆ. ಅವರ ಕೈಬರಹವೇ. ಹೋದ ತಿಂಗಳು ಪಕ್ಕದ ಮನೆಯವರು ರೋಟವೇಟರ್ ಕೊಳ್ಳೋಕೆ ಹೊರಟಾಗ ಆ ಅಕ್ಕ ನೋಟುಬುಕ್ಕು ಹಿಡಿದು ಜೊತೆಗೆ ಹೋದರು. ಅಂಗಡಿಯವನು "ನಿಮಗೆ ಇದೆಲ್ಲಾ ಯಾಕಮ್ಮಾ?" ಅಂದನಂತೆ. "ನನ್ನ ಓಲೆ ಇನ್ನೂ ಬಿಡಿಸಿಲ್ಲಪ್ಪಾ, ಅದಕ್ಕೆ" ಅಂದರಂತೆ.

ನೀವೂ ಇವತ್ತೇ ಮನೆಗೆ ಹೋಗಿ ಟ್ರಾಕ್ಟರಿನ ಪುಸ್ತಕ ಹುಡುಕಿ.

ಓದಿ, ಬರೆಯಿರಿ

1. ನಿಮ್ಮ ಇಲ್ಲವೇ ಪಕ್ಕದ ಮನೆಯ ಟ್ರಾಕ್ಟರಿನ ನಾಲ್ಕು ಅಂಕಿ ಬರೆಯಿರಿ: ಪಿ.ಟಿ.ಓ. ಎಚ್.ಪಿ., ಎಣ್ಣೆಯ ಹರಿವು, ಒತ್ತಡ, ಎತ್ತುವ ತೂಕ.
2. ಹರಿವು 30 ಲೀಟರ್, ಒತ್ತಡ 150 ಬಾರ್ ಆದರೆ ಎಣ್ಣೆಯಲ್ಲಿ ಎಷ್ಟು ಎಚ್.ಪಿ. ಸಿಗುತ್ತದೆ? ಲೆಕ್ಕ ಮಾಡಿ. (ಉತ್ತರ: 10)
3. ನಿಮ್ಮ ಹೊಲದ ಸುತ್ತಳತೆ ಎಷ್ಟು ಅಡಿ? 10 ಅಡಿಗೆ ಒಂದರಂತೆ ಎಷ್ಟು ಕಂಬ ಬೇಕು?
4. ಮುರಿಯಲಿ ಅಂತಲೇ ಹಾಕುವ ಬೋಲ್ಟಿನಿಂದ ಏನು ಉಪಯೋಗ? ಎರಡು ವಾಕ್ಯದಲ್ಲಿ ಬರೆಯಿರಿ.
5. ಅಂಗಡಿಯವರಿಗೆ ಹಾಕಬೇಕಾದ ಮೂರು ಷರತ್ತುಗಳನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.